ಆಸ್ಪತ್ರೆ ಬಿಲ್ಲಿಗೆ ಚಂದಾ ಎತ್ತುವ ಮೊದಲು

ಜುಮಾ ನಮಾಝ್ ಮುಗಿಸಿ ಹೊರಗೆ ಬರುವಾಗ ಮಸೀದಿಯ ಬಾಗಿಲಲ್ಲಿ ಟವೆಲ್ ಹಾಸಿರುವುದನ್ನು ನೀವೂ ನೋಡಿದ್ದೀರಿ. ಇಂಥವರ ಮನೆಯಲ್ಲಿ ಆಪರೇಷನ್ ಇದೆ, ಕೈಲಾದಷ್ಟು ಕೊಡಿ ಎಂದು ಇಮಾಮ್ ಸಾಹೇಬರು ಹೇಳಿರುತ್ತಾರೆ. ನೀವು ಜೇಬಿಗೆ ಕೈ ಹಾಕುತ್ತೀರಿ, ಇಪ್ಪತ್ತೋ ಐವತ್ತೋ ಹಾಕಿ ಚಪ್ಪಲಿ ಹುಡುಕುತ್ತೀರಿ. ಆ ಹಣ ಯಾವ ಬಿಲ್ಲಿಗೆ ಹೋಯಿತು, ಆ ಬಿಲ್ಲು ನ್ಯಾಯವಾದದ್ದೇ ಎಂದು ಕೇಳುವವರು ಕಡಿಮೆ. ಕಷ್ಟದಲ್ಲಿರುವ ಮನೆಯವರನ್ನು ಲೆಕ್ಕ ಕೇಳುವುದು ನಮಗೆ ಮುಜುಗರ.

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಆವತಿಯಲ್ಲಿ ನನ್ನ ತಂಗಿಯ ಮನೆಯಿದೆ. ಅವರ ಓಣಿಯ ಒಬ್ಬರು ವಿಜಯಪುರದಲ್ಲಿ ರೇಷ್ಮೆ ಗೂಡು ಬಿಚ್ಚುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ವಯಸ್ಸು ಐವತ್ತೆರಡು. ಒಂದು ಬೆಳಗಿನ ಜಾವ ಎದೆನೋವು ಬಂತು. ಮಗ ಆಟೋದಲ್ಲಿ ಕೂರಿಸಿಕೊಂಡು ಹೆದ್ದಾರಿ ಪಕ್ಕದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಮನೆಯಲ್ಲಿ ಬಿಪಿಎಲ್ ಪಡಿತರ ಚೀಟಿ ಇತ್ತು, ಆರೋಗ್ಯ ಕಾರ್ಡೂ ಇತ್ತು. ಆಸ್ಪತ್ರೆಯೂ ಯೋಜನೆಯ ಪಟ್ಟಿಯಲ್ಲಿತ್ತು. ಆದರೂ ಕೌಂಟರಿನಲ್ಲಿ ಹೇಳಿದ ಮಾತು ಇದು: "ಕಾರ್ಡಿನಲ್ಲಿ ಬರೋದು ಸಾಧಾರಣ ಸ್ಟೆಂಟ್. ಒಳ್ಳೇದು ಬೇಕಾದ್ರೆ ಮೇಲಿನದ್ದು ನೀವು ಕಟ್ಟಬೇಕು. ಬೇಗ ಹೇಳಿ, ಡಾಕ್ಟ್ರು ಕಾಯ್ತಿದ್ದಾರೆ." ತಂದೆ ಒಳಗೆ ಮಲಗಿರುವಾಗ ಸಾಧಾರಣದ್ದೇ ಸಾಕು ಎನ್ನುವ ಮಗ ಎಲ್ಲಿದ್ದಾನೆ? ತೊಂಬತ್ತು ಸಾವಿರ ಕಟ್ಟಿದರು. ಟವೆಲಿನಲ್ಲಿ ನಲವತ್ತೊಂದು ಸಾವಿರ ಬಿತ್ತು. ಉಳಿದದ್ದಕ್ಕೆ ಮನೆಯಾಕೆಯ ಓಲೆ ಹೋಯಿತು.

ಎರಡು ತಿಂಗಳ ನಂತರ ಅದೇ ಜಮಾಅತಿನ ಇನ್ನೊಬ್ಬರಿಗೆ ಅದೇ ಆಸ್ಪತ್ರೆ, ಅದೇ ಕೌಂಟರು, ಅದೇ ಮಾತು. ಮತ್ತೆ ಟವೆಲ್ ಹಾಸಿದರು. ಎರಡೂ ಮನೆಯವರು ಪಕ್ಕಪಕ್ಕದ ಬೀದಿಯವರು, ಮದುವೆ ಮನೆಗಳಲ್ಲಿ ಒಟ್ಟಿಗೆ ಊಟಕ್ಕೆ ಕೂತವರು. ಆದರೆ ಇಬ್ಬರೂ ತಮ್ಮ ತಮ್ಮ ಬಿಲ್ಲನ್ನು ಒಟ್ಟಿಗೆ ಇಟ್ಟು ನೋಡಲಿಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ಮೊದಲು ಕಾರ್ಡಿನ ವಿಷಯ ತಿಳಿದುಕೊಳ್ಳಿ. 2018ರಿಂದ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವುದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರಿ ಸಂಸ್ಥೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತಂದರೆ ಮಾತ್ರ ಖಾಸಗಿಯಲ್ಲಿ ಕಾರ್ಡು ನಡೆಯುತ್ತದೆ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಆ ಚೀಟಿ ಬೇಕಿಲ್ಲ. ಪ್ಯಾಕೇಜ್ ಎಂದರೆ ಇಡೀ ಚಿಕಿತ್ಸೆಗೆ ಒಂದೇ ಮೊತ್ತ: ಹಾಸಿಗೆ, ಪರೀಕ್ಷೆ, ಔಷಧ, ಆಪರೇಷನ್, ಅಳವಡಿಸುವ ವಸ್ತು ಎಲ್ಲವೂ ಅದರೊಳಗೆ. ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಮೇಲೊಂದಿಷ್ಟು ತೆಗೆದುಕೊಳ್ಳಲು ಆಸ್ಪತ್ರೆಗೆ ಅವಕಾಶವಿಲ್ಲ.

(ವಿಮೆ ನಮಗೆ ಸರಿಯೇ ಎಂದು ಹಲವು ಓದುಗರು ಕೇಳುತ್ತಾರೆ. ಅದು ಉಲಮಾಗಳನ್ನು ಕೇಳಬೇಕಾದ ಪ್ರಶ್ನೆ, ಆರೋಗ್ಯದ ಪುಟದ್ದಲ್ಲ. ಆದರೆ ಈ ಕಾರ್ಡಿಗೆ ನೀವು ಕಂತು ಕಟ್ಟುವುದಿಲ್ಲ, ನಡುವೆ ವಿಮಾ ಕಂಪನಿಯೂ ಇಲ್ಲ. ಆ ಅನುಮಾನದಿಂದ ಕಾರ್ಡನ್ನೇ ಮಾಡಿಸದೆ ಕೂತ ಮನೆಗಳನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.)

ಇನ್ನು ಸ್ಟೆಂಟ್. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಬೆಲೆ ಮಿತಿ ಹಾಕಿತು. ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ. ಆಮೇಲೆ ಈ ಮಿತಿ ಪರಿಷ್ಕರಣೆಯಾಗುತ್ತ ಬಂದಿದೆ, ಆದರೆ ಮಿತಿ ಎಂಬುದು ಇದ್ದೇ ಇದೆ. ಹಾಗಾದರೆ ಆವತಿಯ ಮನೆಯವರು ಕಟ್ಟಿದ ತೊಂಬತ್ತು ಸಾವಿರ ಯಾವ ಸ್ಟೆಂಟಿನದು? ಬಿಲ್ಲಿನಲ್ಲಿ ಅದರ ಹೆಸರೂ ಇರಲಿಲ್ಲ. "ಇತರೆ" ಎಂದಿತ್ತು.

ಚಿಕಿತ್ಸೆ ಕೊಡುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಎಷ್ಟು ಕೊಡಬೇಕೆಂದು ನಿರ್ಧರಿಸುವವರು ಮೂರನೆಯವರು: ಈ ಪದ್ಧತಿ ಬಂದು ತುಂಬ ವರ್ಷವಾಗಿಲ್ಲ. ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಇದು ಶುರುವಾದದ್ದು 2003ರ ಯಶಸ್ವಿನಿಯಿಂದ. ಸಹಕಾರ ಸಂಘದ ಸದಸ್ಯರಾದ ರೈತರು ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿದರು, ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅದರ ಹಿಂದಿದ್ದವರಲ್ಲಿ ಒಬ್ಬರು. ಒಳ್ಳೆಯ ಕೆಲಸವೇ. ಹೊಲ ಮಾರದೆ ಹೃದಯದ ಆಪರೇಷನ್ ಮಾಡಿಸಿಕೊಂಡವರು ಈ ಭಾಗದ ಹಳ್ಳಿಗಳಲ್ಲೂ ಇದ್ದಾರೆ. 2018ರಲ್ಲಿ ನಿಂತ ಆ ಯೋಜನೆ ಈಗ ಮತ್ತೆ ನಡೆಯುತ್ತಿದೆ.

ಆದರೆ ಹಣ ಬೇರೆಯವರ ಕೈಯಲ್ಲಿರುವಾಗ ಚಿಕಿತ್ಸೆ ಎರಡು ರೀತಿಯಲ್ಲಿ ಕೆಡಬಹುದು. ಇಡೀ ಕಾಯಿಲೆಗೆ ಇಂತಿಷ್ಟೇ ಎಂದು ಕಟ್ಟಿಬಿಟ್ಟರೆ ಕಡಿಮೆ ಮಾಡಿದಷ್ಟೂ ಆಸ್ಪತ್ರೆಗೆ ಲಾಭ. ಒಂದೊಂದು ಆಪರೇಷನ್ನಿಗೂ ಇಷ್ಟು ಎಂದು ಕೊಟ್ಟರೆ ಬೇಡದ ಆಪರೇಷನ್ ಮಾಡುವುದರಲ್ಲಿ ಲಾಭ.

ಎರಡನೆಯದು ಎಷ್ಟು ಕ್ರೂರವಾಗಬಹುದೆಂದು ಹೆಂಗಸರಿಗೆ ಗೊತ್ತಿರಬೇಕು. ಹಿಂದೆ ಬಡವರಿಗೆ 30,000 ರೂಪಾಯಿಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಕಾರ್ಡ್ ಇತ್ತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಆ ಹಣಕ್ಕಾಗಿ ಸಣ್ಣ ವಯಸ್ಸಿನ ಹೆಂಗಸರ ಗರ್ಭಕೋಶ ತೆಗೆದ ಆರೋಪಗಳು ಬಂದವು. ಹೊಟ್ಟೆನೋವು, ಬಿಳುಪು ಹೋಗುವುದು ಎಂದು ಬಂದವರಿಗೆ "ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಮಾಡಿದ್ದು. ರಾಜಸ್ಥಾನದ ವೈದ್ಯ ಡಾ. ನರೇಂದ್ರ ಗುಪ್ತಾ ಆ ಎಲ್ಲ ಹೆಂಗಸರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2023ರ ಏಪ್ರಿಲ್ 5ರಂದು ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ನಮ್ಮಲ್ಲೂ ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಇದೇ ಆಯಿತು. ಅಲ್ಲಿ ಒಬ್ಬೊಬ್ಬರ ಕಥೆ ಕೇಳಿದರೆ ವೈದ್ಯರು ಹೇಳಿದ್ದನ್ನು ನಂಬುವಂತೆಯೇ ಇತ್ತು. ಮಹಿಳಾ ಸಂಘಟನೆಗಳು ತಾಂಡಾಗಳಲ್ಲಿ ಕೂತು ಎಲ್ಲರ ಕಥೆ ಒಟ್ಟು ಮಾಡಿದಾಗ ಮಾತ್ರ, ಇಷ್ಟೊಂದು ಜನರಿಗೆ ಒಂದೇ ಕಾಯಿಲೆ ಹೇಗೆ ಬಂತು ಎಂಬ ಪ್ರಶ್ನೆ ಎದ್ದಿತು.

ಮೊದಲನೆಯ ರೀತಿ, ಕಡಿಮೆ ಕೊಟ್ಟು ಉಳಿಸುವುದು, ಅಮೆರಿಕದಲ್ಲಿ ದೊಡ್ಡ ಜಗಳವಾಯಿತು. ಇಲಿನಾಯ್ಸ್‌ನ ಒಬ್ಬ ಮಹಿಳೆಗೆ ಹೊಟ್ಟೆಯಲ್ಲಿ ಬಾವು ಬಂದಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸುವ ಬದಲು ಆಕೆಯ ಆರೋಗ್ಯ ಸಂಸ್ಥೆಯ ವೈದ್ಯರು ಎಂಟು ದಿನ ಕಾಯಿಸಿ, ಸುಮಾರು 80 ಕಿಲೋಮೀಟರ್ ದೂರದ ತಮ್ಮದೇ ಕೇಂದ್ರದಲ್ಲಿ ಮಾಡಿಸಲು ಹೇಳಿದರು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆಯಿತು. ನಿರ್ಲಕ್ಷ್ಯಕ್ಕೆ ಆಕೆಗೆ ಪರಿಹಾರ ಸಿಕ್ಕಿತು. ಆದರೆ ಖರ್ಚು ಉಳಿಸಿದ ವೈದ್ಯರಿಗೇ ಲಾಭ ಹೋಗುವ ಪದ್ಧತಿ ತಪ್ಪು ಎಂಬ ಆಕೆಯ ವಾದವನ್ನು 2000ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ತಳ್ಳಿಹಾಕಿತು. ಇಂಥ ಸಂಸ್ಥೆಗಳೆಂದರೆ ಚಿಕಿತ್ಸೆಯನ್ನು ಅಳೆದು ಕೊಡುವುದೇ, ಅದನ್ನು ಬೇಡ ಎನ್ನುವುದು ಶಾಸನಸಭೆಯ ಕೆಲಸ ಎಂಬುದು ನ್ಯಾಯಾಲಯದ ನಿಲುವು.

ಆ ಹೊತ್ತಿಗೆ ಮಯಾಮಿಯ ಕೋರ್ಟಿನಲ್ಲಿ ದೊಡ್ಡ ವಿಮಾ ಕಂಪನಿಗಳ ಮೇಲೆ ಸಾಮೂಹಿಕ ದಾವೆಗಳು ಒಟ್ಟುಗೂಡಿದ್ದವು. ಒಂದು ಗುಂಪು ರೋಗಿಗಳದ್ದು, ಇನ್ನೊಂದು ವೈದ್ಯರದ್ದು. 2002ರಲ್ಲಿ ನ್ಯಾಯಾಧೀಶ ಫೆಡೆರಿಕೊ ಮೊರೆನೊ ವೈದ್ಯರನ್ನು ಒಂದು ವರ್ಗವೆಂದು ಒಪ್ಪಿದರು, ರೋಗಿಗಳನ್ನು ಒಪ್ಪಲಿಲ್ಲ. ವೈದ್ಯರ ದೂರು ಒಂದೇ ಬಗೆಯದು: ಬಿಲ್ಲನ್ನು ಇದೇ ರೀತಿ ಕತ್ತರಿಸುತ್ತಾರೆ ಎಂಬುದು. ರೋಗಿಗಳ ಕಥೆ ಒಬ್ಬೊಬ್ಬರದು ಒಂದೊಂದು. 2003ರಲ್ಲಿ ಏಟ್ನಾ ಕಂಪನಿ ವೈದ್ಯರೊಂದಿಗೆ ರಾಜಿಗೆ ಬಂತು. ಯಾರ ಹೊಟ್ಟೆಯಲ್ಲಿ ನೋವಿತ್ತೋ ಅವರು ಹೊರಗೆ ಉಳಿದರು ಎಂಬುದು ನನಗೆ ಇವತ್ತಿಗೂ ವಿಚಿತ್ರವೆನಿಸುತ್ತದೆ. ಆದರೆ ಅದರಿಂದ ನಮಗೆ ತಿಳಿಯಬೇಕಾದದ್ದು ಒಂದಿದೆ: ಹತ್ತು ಜನ ಸೇರಿದರೆ ಸಾಲದು, ಹತ್ತೂ ಜನರ ದೂರು ಒಂದೇ ಆಗಿರಬೇಕು.

ನಮ್ಮ ಕಾನೂನೂ ಇದನ್ನೇ ಕೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ವಿಧಿಯಲ್ಲಿ, ಒಂದೇ ಹಿತಾಸಕ್ತಿಯ ಹಲವು ಗ್ರಾಹಕರಿದ್ದರೆ ಅವರಲ್ಲಿ ಒಬ್ಬರೋ ಕೆಲವರೋ ಎಲ್ಲರ ಪರವಾಗಿ ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಇದರ ಅರ್ಥವನ್ನು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, 2021ರ ಡಿಸೆಂಬರ್ 17ರಂದು. ಆಸ್ಪತ್ರೆಯದಲ್ಲ, ಫ್ಲ್ಯಾಟಿನದು. ಬ್ರಿಗೇಡ್ ಎಂಟರ್‌ಪ್ರೈಸಸ್ ವಿರುದ್ಧ 51 ಫ್ಲ್ಯಾಟುಗಳ 91 ಮಂದಿ, ಸಾವಿರಕ್ಕೂ ಹೆಚ್ಚು ಫ್ಲ್ಯಾಟಿನವರೆಲ್ಲರ ಪರವಾಗಿ ಹೋಗಿದ್ದರು. ಎಲ್ಲರ ಹಿತಾಸಕ್ತಿ ಒಂದೇ ಎಂದು ತೋರಿಸಿಲ್ಲ, ಆದ್ದರಿಂದ ಎಲ್ಲರ ಪರವಾಗಿ ನಡೆಸಲು ಬರುವುದಿಲ್ಲ ಎಂದಿತು ಕೋರ್ಟು. ಆದರೆ ಬಾಗಿಲು ಮುಚ್ಚಲಿಲ್ಲ. ಸಹಿ ಹಾಕಿ ಬಂದವರು ಸೇರಿ ಜಂಟಿ ದೂರಾಗಿ ನಡೆಸಬಹುದು ಎಂದಿತು. ನಮ್ಮಂಥವರಿಗೆ ಇದೇ ಹೆಚ್ಚು ಉಪಯೋಗ. ಎಲ್ಲರ ಪರವಾದ ದೂರಾದರೆ ಸಾರ್ವಜನಿಕ ನೋಟಿಸು ಕೊಡಬೇಕು, ಖರ್ಚಿದೆ. ನಾಲ್ಕು ಮನೆಯವರ ಜಂಟಿ ದೂರಿಗೆ ಅದರ ಗೊಡವೆಯಿಲ್ಲ.

"ನಾವು ದುಡ್ಡು ಕೊಡದ ರೋಗಿಗಳು, ನಾವು ಗ್ರಾಹಕರು ಹೇಗಾಗುತ್ತೇವೆ?" ಎಂದು ನೀವು ಕೇಳಬಹುದು. ಆಗುತ್ತೀರಿ. 1995ರ ವಿ.ಪಿ. ಶಾಂತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಈ ಕಾಯ್ದೆಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತದವರೂ ಗ್ರಾಹಕರೇ. ವಿಮೆಯವರು ಹಣ ಕೊಟ್ಟರೂ ಅದು ಉಚಿತವಲ್ಲ. 2019ರ ಹೊಸ ಕಾಯ್ದೆಯಲ್ಲಿ ಆರೋಗ್ಯ ಎಂಬ ಪದ ಬಿಟ್ಟುಹೋಗಿದೆ, ನಾವು ಹೊರಗೆ ಎಂದು ವೈದ್ಯರ ಸಂಘವೊಂದು ವಾದಿಸಿತ್ತು. 2022ರಲ್ಲಿ ಆ ವಾದವೂ ಬಿದ್ದುಹೋಯಿತು.

ಇನ್ನೂ ಒಂದು ದಾರಿ ಆವತಿಯಿಂದ ಬಹಳ ದೂರವಿಲ್ಲ. ದೇವನಹಳ್ಳಿ-ದೊಡ್ಡಬಳ್ಳಾಪುರ ರಸ್ತೆಯ ಬೀರಸಂದ್ರದಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಇದೆಯಲ್ಲ, ಪಹಣಿ, ಜಮೀನಿನ ಕೆಲಸಕ್ಕೆಂದು ನೀವು ಹೋಗಿಬಂದಿರುತ್ತೀರಿ. ಗ್ರಾಹಕರ ಹಕ್ಕು ಒಂದು ವರ್ಗವಾಗಿ ಉಲ್ಲಂಘನೆಯಾದಾಗ ದೂರು ಪಡೆದು ವಿಚಾರಿಸುವ ಅಧಿಕಾರವನ್ನು 2019ರ ಕಾಯ್ದೆ ಜಿಲ್ಲಾಧಿಕಾರಿಗೂ ಕೊಟ್ಟಿದೆ. ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರದ ಅಧ್ಯಕ್ಷರೂ ಅವರೇ. ಆ ತಿದ್ದುಪಡಿ ಬರುವಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಮಾಡಿದ್ದು ನೆನಪಿರಬಹುದು. ಒಂದೇ ಕಾಗದ, ಎರಡು ಕಾಯ್ದೆ, ಒಬ್ಬರೇ ಅಧಿಕಾರಿ. ವಕೀಲರ ಅಗತ್ಯವಿಲ್ಲ.

ಒಬ್ಬರೇ ಹೋದರೆ ಏನಾಗುತ್ತದೆ, ಎಲ್ಲರ ಹೆಸರಿನಲ್ಲಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡನ್ನು ನೋಡಿ. ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಬಾಧಿತರಾದ ಎಲ್ಲರಿಗೂ ತಲಾ 5 ಲಕ್ಷ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಅದೂ ಸಂಘಟನೆಯೊಂದರ ಅರ್ಜಿಯಿಂದ ಬಂದದ್ದು. ಐದು ವರ್ಷದ ಮೇಲೆ, 2022ರ ಮೇಯಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಮತ್ತೆ ಕೋರ್ಟಿಗೆ ಹೋಗಿ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಎಂಟು ಮಂದಿಗೆ! ಕೋರ್ಟು ಸರ್ಕಾರವನ್ನು ತೀವ್ರವಾಗಿ ತರಾಟೆಗೆ ತೆಗೆದುಕೊಂಡಿತು. ಅಂದರೆ ತೀರ್ಪು ಎಲ್ಲರದಾದರೂ ಬೆನ್ನು ಹತ್ತುವವರು ಬೇಕು.

ಸ್ವಂತ ಪಾಲಿಸಿ ಇರುವ ಮನೆಗಳ ಮಾತು ಬೇರೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. 2024ರ ಮೇ ತಿಂಗಳ ವಿಮಾ ಪ್ರಾಧಿಕಾರದ ಸುತ್ತೋಲೆಯಂತೆ ಕ್ಯಾಶ್‌ಲೆಸ್‌ಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ದಿನ ಮೂರು ಗಂಟೆಯೊಳಗೆ ಒಪ್ಪಿಗೆ ಬರಬೇಕು, ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಕ್ಲೇಮು ತಳ್ಳಿದರೆ ಯಾವ ಷರತ್ತಿನಡಿ ಎಂದು ಬರೆದು ಕೊಡಬೇಕು. ಮೊದಲು ಕಂಪನಿಗೆ ದೂರು ಕೊಡಿ, ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ. ಅಲ್ಲಿ ಶುಲ್ಕವಿಲ್ಲ.

ಕಾರ್ಡಿನವರು ಇಟ್ಟುಕೊಳ್ಳಬೇಕಾದದ್ದು ಕಾಗದ. ದಾಖಲಾಗುವಾಗಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಹುಡುಕಿ, ಟ್ರಸ್ಟಿನ ಒಪ್ಪಿಗೆ ಬಂದಿದೆಯೇ ಎಂದು ಕೇಳಿ. ಹಣ ಕೇಳಿದರೆ ರಶೀದಿ ಕೊಡಿ ಎನ್ನಿ. ನಗದು ಕೊಡಬೇಡಿ, ಫೋನಿನಿಂದ ಕಳಿಸಿದರೆ ದಾಖಲೆ ಉಳಿಯುತ್ತದೆ. ಹೊರಗಿನ ಮೆಡಿಕಲ್ ಸ್ಟೋರಿನಿಂದ ತರಿಸಿದ ಔಷಧದ ಬಿಲ್ಲು, ಸ್ಟೆಂಟಿನ ಪೆಟ್ಟಿಗೆಯ ಮೇಲಿನ ಚೀಟಿ, ಡಿಸ್ಚಾರ್ಜ್ ಹಾಳೆ ಒಂದೇ ಕವರಿನಲ್ಲಿರಲಿ. ಬಿಡುಗಡೆಯ ದಿನ "ಯಾವ ಹಣವನ್ನೂ ಕೊಟ್ಟಿಲ್ಲ" ಎಂಬ ಅರ್ಥದ ಫಾರಂಗೆ ಓದದೆ ಸಹಿ ಹಾಕಬೇಡಿ. ದೂರಿಗೆ 104 ಮತ್ತು 14555 ಇವೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು, ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ್ದು ಹೆಸರಿನ ತೊಂದರೆ. ಪಡಿತರ ಚೀಟಿಯಲ್ಲಿ ಮೆಹಬೂಬ್ ಬೀ, ಆಧಾರ್‌ನಲ್ಲಿ ಮೆಹಬೂಬ್ ಜಾನ್, ಮತದಾರರ ಪಟ್ಟಿಯಲ್ಲಿ ಬರೀ ಮಾಬೂಬಿ. ಆರೋಗ್ಯವಾಗಿದ್ದಾಗ ಯಾರಿಗೂ ಇದು ಬೇಡ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಕಂಪ್ಯೂಟರು "ಹೊಂದಾಣಿಕೆ ಆಗ್ತಿಲ್ಲ" ಎಂದಾಗ ಕಾರ್ಡು ಬರೀ ಪ್ಲಾಸ್ಟಿಕ್. ಈ ವಾರವೇ ಮನೆಯವರೆಲ್ಲರ ಕಾರ್ಡನ್ನು ನೆಲದ ಮೇಲೆ ಹರಡಿ ನೋಡಿ, ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಸರಿಪಡಿಸಿಕೊಳ್ಳಿ.

ಆವತಿಯಲ್ಲಿ ಹೋದ ತಿಂಗಳು ತಂಗಿಯ ಮನೆಯ ಜಗಲಿಯಲ್ಲಿ ನಾಲ್ಕು ಮನೆಯವರು ಕೂತಿದ್ದರು. ಮೂರನೆಯ ಮನೆಯದೂ ಸ್ಟೆಂಟ್, ನಾಲ್ಕನೆಯದು ಡಯಾಲಿಸಿಸ್. ಬಿಲ್ಲುಗಳನ್ನು ಸಾಲಾಗಿ ಇಟ್ಟೆವು. ಮೂರು ಬಿಲ್ಲಿನಲ್ಲೂ "ಇತರೆ" ಎಂಬ ಒಂದೇ ಸಾಲು, ಒಂದೇ ಕೈಬರಹ. ಶೆಡ್ಡಿನವರ ಮಗ ಎರಡು ಸಲ ಬೆರಳಿಟ್ಟು ನೋಡಿ, "ಮಾಮೂ, ಇದು ನಮ್ಮೊಬ್ಬರದಲ್ಲ" ಎಂದ. ಡಯಾಲಿಸಿಸ್ಸಿನವರ ಲೆಕ್ಕ ಬೇರೆ ಬಗೆಯದು, ಅದನ್ನು ಈ ದೂರಿನೊಂದಿಗೆ ಸೇರಿಸಬೇಡಿ, ಬೇರೆ ಬರೆಯೋಣ ಎಂದೆ.

ಆ ಮನೆಯ ಆಪಾ ಬೇರೆಯದಕ್ಕೂ ಒಪ್ಪಲಿಲ್ಲ. "ವಾರಕ್ಕೆ ಎರಡು ಸಲ ಇವರನ್ನು ಅಲ್ಲಿಗೇ ಕರ್ಕೊಂಡು ಹೋಗ್ಬೇಕು. ದೂರು ಕೊಟ್ಟ ಮೇಲೆ ಸೂಜಿ ಚುಚ್ಚೋ ಕೈ ಅದೇ ಇರುತ್ತಲ್ವಾ?" ಎಂದರು. ಅದಕ್ಕೆ ನನ್ನ ಬಳಿ ಕಾಯ್ದೆಯ ಉತ್ತರವಿತ್ತು, ಹೇಳಲು ಬಾಯಿ ಬರಲಿಲ್ಲ. ಬೇರೆ ಯಾವ ಕೇಂದ್ರದಲ್ಲಿ ಜಾಗವಿದೆ ಎಂದು ದೇವನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ತಂಗಿಯ ಗಂಡ ಮರುದಿನ ಬೆಳಿಗ್ಗೆ ಹೋದರು. ಮೂರು ಸಹಿಗಳ ಕಾಗದ ಬೀರಸಂದ್ರಕ್ಕೆ ಹೋಯಿತು, ಸ್ವೀಕೃತಿಯ ಮೊಹರು ಬಿದ್ದ ನಕಲು ಶೆಡ್ಡಿನವರ ಮನೆಯ ಕವರಿನಲ್ಲಿದೆ. ನಾಲ್ಕನೆಯ ಕಾಗದ ಬರೆದಿದ್ದೇವೆ, ಸಹಿಯ ಜಾಗ ಖಾಲಿ ಬಿಟ್ಟಿದ್ದೇವೆ. ಅದು ಆಪಾ ಅವರ ಬಳಿಯೇ ಇದೆ.